ಸರಸ್ವತಿಬಾಯಿಯ ಬಾಯಾರಿಕೆ

ಬಿಟ್ಟಿ ಹಡಗು ನಡುನೀರಿನಲ್ಲಿ ಕೆಟ್ಟು ನಿಂತರೆ ಯಾರನ್ನು ಬೈಯಬೇಕೆಂದು ನಮಗೆ ಮೊದಲು ತಿಳಿಯಲಿಲ್ಲ. ಟಿಕೀಟು ನಮ್ಮದಲ್ಲ. ನಮ್ಮ ಕಡೆ ಬೆಳೆಗೆ ಹೊಡೆಯುವ ಎಣ್ಣೆಯನ್ನು ಹೆಚ್ಚು ಮಾರಿದ ಅಂಗಡಿಯವರಿಗೆ ಎಣ್ಣೆ ಕಂಪನಿಯವರು ವರ್ಷಕ್ಕೊಮ್ಮೆ ಪ್ರವಾಸ ಕೊಡುತ್ತಾರೆ. ಹಿಂದಿನ ವರ್ಷ ಬ್ಯಾಂಕಾಕ್‌ಗೆ ಒಯ್ದಿದ್ದರು. ಈ ಸಲ ಮುಂಬೈಯಿಂದ ಗೋವಾಕ್ಕೆ ಹೋಗಿ ಬರುವ ದೊಡ್ಡ ಹಡಗು ಗೊತ್ತುಮಾಡಿದ್ದರು. ಊಟ, ಕುಣಿತ, ಈಜುಕೊಳ ಎಲ್ಲ ಅದರೊಳಗೇ.

ನಾನು ಯಮನೂರಪ್ಪ. ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಗಬ್ಬೂರು ಕಡೆಯ ಹತ್ತಿ ಹೊಲಗಳಿಗೆಲ್ಲ ಎಣ್ಣೆ ಹೋಗುವುದು ನನ್ನಲ್ಲಿಂದ. ನಮ್ಮ ಗುಂಪಿನ ಮುಂದಾಳು ಮಾನ್ವಿಯ ಜಿಲಾನಿ ಪಾಷಾ. ಮಾತಿನಲ್ಲಿ ಅವನನ್ನು ಗೆದ್ದವರನ್ನು ನಾನು ಇನ್ನೂ ಕಂಡಿಲ್ಲ. ಇನ್ನೊಬ್ಬ ರಾಯಚೂರು ಗಂಜ್ ಮಾರುಕಟ್ಟೆಯ ಸುಮಧ್ವ. ಆಚಾರ್ಯರ ಮನೆತನದವನು, ಆದರೆ ಹುಳ ಸಾಯಿಸುವ ಎಣ್ಣೆ ಮಾರುವುದರಲ್ಲಿ ನಮ್ಮಿಬ್ಬರಿಗಿಂತ ಮುಂದೆ. ಒಬ್ಬೊಬ್ಬರಿಗೆ ಎರಡು ಟಿಕೀಟು. ನನ್ನ ಹೆಂಡತಿ ವೀರಭದ್ರಮ್ಮನಿಗೆ ನೀರು ಕಂಡರೆ ಹೆದರಿಕೆ, ಬರಲಿಲ್ಲ. ಸುಮಧ್ವನ ಹೆಂಡತಿ ವೇದಶ್ರೀಗೆ ಶಾಲೆಯಲ್ಲಿ ಪರೀಕ್ಷೆಯ ಕೆಲಸ. ಹಾಗಾಗಿ ಅವನು ತಾಯಿ ಸರಸ್ವತಿಬಾಯಿಯನ್ನು ಕರೆದುಕೊಂಡು ಬಂದ.

ಆಕೆ ಮಡಿ ಹೆಂಗಸು. ಸಮುದ್ರ ದಾಟಬಾರದಲ್ಲ ಎಂದು ನಾನು ರೇಗಿಸಿದರೆ, ದಡ ಕಾಣುತ್ತಿರುವ ತನಕ ದಾಟಿದ ಲೆಕ್ಕವಲ್ಲ ಎಂದು ತಾನೇ ತೀರ್ಪು ಕೊಟ್ಟಳು. ಅವಲಕ್ಕಿ, ಹುರಿಹಿಟ್ಟು, ಕುಡಿಯುವ ನೀರು ಎಲ್ಲ ಮನೆಯಿಂದಲೇ ತಂದಿದ್ದಳು. ಹಡಗಿನ ಹನಿಯನ್ನೂ ಮುಟ್ಟಲಿಲ್ಲ. ಆದರೆ ನಾಲಿಗೆ ಮಾತ್ರ ಬಲು ಚುರುಕು. ಜಿಲಾನಿ ಪಾಷಾನ ಕಪ್ಪು ಕನ್ನಡಕ ನೋಡಿ, ಹೆಂಡತಿ ಅಸ್ಮತ್ ಜೊತೆಗಿದ್ದಾಗಲೂ ಇದು ಯಾರಿಗೆ ತೋರಿಸಲಿಕ್ಕೆ ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ನಮಗೆ ಆಕೆಯ ಮೇಲೆ ಪ್ರೀತಿಯೇ ಇತ್ತು, ಅದನ್ನು ಇಲ್ಲವೆನ್ನುವುದಿಲ್ಲ.

ಗೋವಾದಿಂದ ತಿರುಗಿ ಹೊರಟ ಸಂಜೆ ಇಂಜಿನ್ನು ನಿಂತಿತು. ಕರೆಂಟು ಹೋಯಿತು. ಎ.ಸಿ. ಇಲ್ಲ, ಲಿಫ್ಟ್ ಇಲ್ಲ, ಸ್ವಲ್ಪ ಹೊತ್ತಿಗೆ ಪಾಯಖಾನೆಯಲ್ಲೂ ನೀರಿಲ್ಲ. ಅಲ್ಲಿಯವರೆಗೆ ಒಬ್ಬರ ಸೊಂಟ ಒಬ್ಬರು ಹಿಡಿದು ಕುಣಿದವರೆಲ್ಲ ನೀರಿನ ಬಾಟಲಿಗಾಗಿ ಕೈಕೈ ಮಿಲಾಯಿಸಿದರು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳು, ಇಂಥ ಕಡೆ ಕರೆತಂದವನ ಜೊತೆ ಬಾಳುವುದು ಹೇಗೆಂದು ಕೌಂಟರಿನ ಮುಂದೆ ನಿಂತು ಅತ್ತಳು. ಒಬ್ಬ ಸೇಠ್‌ಜಿ ತನ್ನ ವಕೀಲನಿಗೆ ಫೋನು ಹಚ್ಚಿ ಸಿಗ್ನಲ್ ಸಿಗದೆ ಫೋನನ್ನೇ ನೆಲಕ್ಕೆ ಬಡಿದ. ನಾವು ಬಿಟ್ಟಿ ಬಂದವರು, ಆದರೂ ಎಲ್ಲರಿಗಿಂತ ಜೋರಾಗಿ ಕೂಗಿದೆವು.

ಬೆಳಗ್ಗೆ ಹಡಗಿನವರು ಪರಿಹಾರ ಸಾರಿದರು. ಮುಂದಿನ ಯಾತ್ರೆಗೆ ಅರ್ಧ ದರದ ಕೂಪನ್. ಕೆಟ್ಟ ಹಡಗನ್ನೇ ಮತ್ತೆ ಹತ್ತಿರಿ ಎಂದು ಕರೆಯುವುದೇ ಪರಿಹಾರವಂತೆ. ಟಿಕೀಟಿನ ಹಣ ಹಿಂದೆ ಕೊಟ್ಟರೂ ಅದು ಎಣ್ಣೆ ಕಂಪನಿಗೆ ಹೋಗುತ್ತದೆ, ನಮ್ಮ ಕೈಗೆ ಏನೂ ಬರುವುದಿಲ್ಲ. ಜಿಲಾನಿ ಪಾಷಾ ಮಾತ್ರ ಗಾಬರಿಯಾಗಲಿಲ್ಲ. ಪರಿಹಾರದ ವಿದ್ಯೆ ನಮಗೆ ಹೊಸದೇನಲ್ಲ. ಎಣ್ಣೆ ಹೊಡೆದು ಮೆಣಸಿನಕಾಯಿ ಗಿಡ ಸುಟ್ಟುಹೋಯಿತೆಂದು ಬರುವ ರೈತರನ್ನು ಪ್ರತಿ ವರ್ಷ ನಾವು ಹೇಗೆ ಸಾಗಹಾಕುತ್ತೇವೋ ನಮಗೇ ಗೊತ್ತು.

"ರೈತ ಖಾಲಿ ಕೈಲೆ ಬಂದ್ರ ಏನ್ ಮಾಡ್ತೀವಿ? ಹೊರಗ ಹಾಕ್ತೀವಿ. ಫೋಟೋ ತಂದ್ರ ಕುಂದ್ರಿಸಿ ಚಹಾ ಕೊಡ್ತೀವಿ. ಸುಟ್ಟ ಗಿಡ ಕಣ್ಣಿಗಿ ಕಾಣಬೇಕು. ನಮ್ಮ ಕಡಿ ಸುಟ್ಟ ಗಿಡ ಯಾವ್ದು ಅದ, ಹುಡುಕ್ರಿ," ಎಂದ.

ಹುಡುಕುವ ಕಷ್ಟ ಬೀಳಲಿಲ್ಲ. ಅಂದು ಏಕಾದಶಿ. ಸುಮಧ್ವ ಪಂಚಾಂಗ ನೋಡದೆ ಹೊರಟುಬಿಟ್ಟಿದ್ದ. ಸರಸ್ವತಿಬಾಯಿಯ ಏಕಾದಶಿ ಎಂದರೆ ಹಣ್ಣು ಹಾಲು ತಿಂದು ತೇಗುವ ಏಕಾದಶಿಯಲ್ಲ. ಹನಿ ನೀರೂ ಇಲ್ಲ, ಮಾತೂ ಇಲ್ಲ. ಮರುದಿನ ದ್ವಾದಶಿಯ ಬೆಳಗ್ಗೆ ತೀರ್ಥ ತೆಗೆದುಕೊಂಡ ಮೇಲೆಯೇ ಬಾಯಿ ಬಿಡುವುದು. ಗಂಡ ಹೋದಾಗಿನಿಂದ ಒಂದೂ ತಪ್ಪಿಸಿಲ್ಲವೆಂದು ಆಕೆಗೆ ಹೆಮ್ಮೆ. ಕೋಣೆಯೊಳಗೆ ಕುದಿಯುತ್ತಿದ್ದುದರಿಂದ ಡೆಕ್ಕಿನ ಮೇಲೆ ನೆರಳಲ್ಲಿ ಚಾಪೆ ಹಾಸಿ ಜಪಮಾಲೆ ಹಿಡಿದು ಕೂತಿದ್ದಳು.

ಆ ಕಡೆಯ ಕೋಣೆಗಳನ್ನು ನೋಡಿಕೊಳ್ಳಲು ಗೋವಾದ ಒಬ್ಬ ನಡುವಯಸ್ಸಿನ ಹೆಂಗಸಿದ್ದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರಿತ್ತು, ನಾನು ಓದಲಿಲ್ಲ. ಅವಳು ಮತ್ತೆ ಮತ್ತೆ ನೀರು ತಂದು ಮುಂದೆ ಹಿಡಿದಳು. ಸರಸ್ವತಿಬಾಯಿ ಪ್ರತಿ ಸಲ ಕೈಮುಗಿದು ಬೇಡವೆಂದು ತಲೆಯಾಡಿಸಿದಳು. ಅದು ವ್ರತವೆಂದು ಆ ಹೆಂಗಸಿಗೆ ಹೇಗೋ ತಿಳಿಯಿತು. ಆಮೇಲೆ ಬಾಟಲಿಯನ್ನು ಪಕ್ಕದಲ್ಲಿಟ್ಟು, ಒಂದು ರಟ್ಟು ಹಿಡಿದು ಮುದುಕಿಗೆ ಗಾಳಿ ಬೀಸುತ್ತ ಅಲ್ಲೇ ಕೂತಳು. ಉಳಿದವರು ಕೂಗಿ ಕರೆದರೂ ಏಳಲಿಲ್ಲ. ಇಬ್ಬರೂ ಒಂದು ಮಾತೂ ಆಡದೆ ಮಧ್ಯಾಹ್ನ ಕಳೆದರು.

ಇಳಿಹೊತ್ತಿಗೆ ಸರಸ್ವತಿಬಾಯಿ ಮಾಲೆ ಸಮೇತ ಪಕ್ಕಕ್ಕೆ ಒರಗಿದಳು. ಕಣ್ಣು ಮೇಲಾಗಿತ್ತು, ತುಟಿ ಒಡೆದಿತ್ತು. ಸುಮಧ್ವ ಡಾಕ್ಟರಿಗಾಗಿ ಓಡಲು ಹೊರಟ. ಜಿಲಾನಿ ಪಾಷಾ ಅವನ ಅಂಗಿ ಹಿಡಿದು ನಿಲ್ಲಿಸಿದ.

"ನಿಲ್ರಿ ಆಚಾರ್ರೇ. ಡಾಕ್ಟ್ರು ಬಂದ ಮ್ಯಾಲೆ ಫೋಟೋಕ್ಕ ಏನ್ ಕಿಮ್ಮತ್ತು ಇರ್ತದ?"

ಸುಮಧ್ವ ನಿಂತ. ಸ್ವಲ್ಪ ಹೊತ್ತೇ, ಆದರೆ ನಿಂತ. ನಾನು ಫೋನು ತೆಗೆದು ವಿಡಿಯೋ ಮಾಡತೊಡಗಿದೆ. ಗೋವಾದ ಹೆಂಗಸು ಬಾಟಲಿ ಹಿಡಿದು ಮುದುಕಿಯ ಮುಖಕ್ಕೆ ನೀರು ಚಿಮುಕಿಸಲು ಬಂದಳು. ಚಿತ್ರಕ್ಕೆ ಅಡ್ಡವಾಗುತ್ತಿದ್ದಳು, ಮೊಣಕೈಯಿಂದ ಅತ್ತ ತಳ್ಳಿದೆ. ಒಡೆದ ತುಟಿ, ತೆರೆದ ಬಾಯಿ, ಸಡಿಲ ಬಿದ್ದ ಕೈ ಎಲ್ಲ ಚೆನ್ನಾಗಿ ಬಂದವು. ಅವಳು ಬಾಟಲಿ ಹಿಡಿದ ತುಣುಕನ್ನು ಆಮೇಲೆ ಕತ್ತರಿಸಿ ಅಳಿಸಿದೆ. ಡಾಕ್ಟರು ಬಂದು ಸಲೈನ್ ಹಚ್ಚಿದ ಮೇಲೆ ಮುದುಕಿಗೆ ಎಚ್ಚರವಾಯಿತು. ಸೂಜಿಯಿಂದ ಹೋದದ್ದು ಬಾಯಿಂದ ಹೋದಂತಲ್ಲ, ವ್ರತ ಉಳಿಯಿತು ಎಂದು ದ್ವಾದಶಿ ಬೆಳಗ್ಗೆ ಆಕೆ ನಗುತ್ತ ಹೇಳಿದಾಗ ನಾವೂ ನಕ್ಕೆವು.

ಬೇರೆ ಹಡಗು ಬಂದು ಎಳೆದುಕೊಂಡು ಹೋಗಿ ಮುಂಬೈ ಮುಟ್ಟಿಸಿತು. ಸಿಗ್ನಲ್ ಸಿಕ್ಕೊಡನೆ ವಿಡಿಯೋ ಬಿಟ್ಟೆವು. ನಾವು ರಾಯಚೂರು ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ಅದು ಎಲ್ಲ ಚಾನೆಲ್ಲುಗಳಲ್ಲಿ ಓಡುತ್ತಿತ್ತು. ಗುಟುಕು ನೀರಿಗಾಗಿ ಬೇಡಿದ ವೃದ್ಧೆ, ಕರಗದ ಸಿಬ್ಬಂದಿ ಎಂದು ಶೀರ್ಷಿಕೆ. ಹಡಗಿನವರು ಹೆದರಿದರು. ಕೂಪನ್ನಿನ ಮಾತು ಬಿಟ್ಟು ನಮ್ಮ ಗುಂಪಿಗೆ ಬೇರೆಯೇ ಪರಿಹಾರ ಕೊಡುತ್ತೇವೆಂದರು. ಆದರೆ ಅದಕ್ಕೆ ಮೊದಲು ಅಮ್ಮನವರನ್ನು ವಿಡಿಯೋ ಕಾಲಿನಲ್ಲಿ ನೋಡಿ ಕ್ಷಮೆ ಕೇಳಬೇಕು, ನಡೆದದ್ದನ್ನು ಅವರ ಬಾಯಿಂದಲೇ ಕೇಳಬೇಕು ಎಂದರು. ತಪ್ಪು ಮಾಡಿದ ಆ ಡೆಕ್ಕಿನ ಕೆಲಸದವಳನ್ನು ಈಗಾಗಲೇ ತೆಗೆದುಹಾಕಿದ್ದೇವೆ ಎಂದೂ ಟಿ.ವಿ.ಯಲ್ಲಿ ಸಾರಿದರು.

ಸರಸ್ವತಿಬಾಯಿ ಆ ಸುದ್ದಿ ನೋಡಿದಳು. ಅಂದು ನಾನು ಅವರ ಮನೆಯಲ್ಲೇ ಇದ್ದೆ. ಕೈಯಲ್ಲಿದ್ದ ಹೂಬತ್ತಿಯ ತಟ್ಟೆಯನ್ನು ನೆಲಕ್ಕಿಟ್ಟು ಎದ್ದು ನಿಂತಳು.

"ನೀರು ತಂದು ಕೊಟ್ಟಾಕೀನ ಹೊರಗ ಹಾಕ್ಯಾರಲ್ಲೋ. ನಾನೇ ಒಲ್ಲೆ ಅಂದೀನಿ, ಆಕಿದೇನು ತಪ್ಪು? ಫೋನ್ ಹಚ್ಚು ಅವರಿಗೆ, ನಾ ಹೇಳ್ತೀನಿ. ನನ್ನ ಉಪಾಸದ ಪಾಪ ಆಕಿ ಹೊಟ್ಟಿ ಮ್ಯಾಲೆ ಬೀಳಬಾರದು."

ಅಂದಿನಿಂದ ಮನೆಯಲ್ಲಿ ಬೇರೆ ಮಾತೇ ಇಲ್ಲ. ಉಣ್ಣಲು ಕೂತರೂ ಅದೇ, ದೇವರ ಮುಂದೆ ಕೂತರೂ ಅದೇ. ಆ ಹೆಂಗಸಿಗೆ ಮಕ್ಕಳೆಷ್ಟೋ, ಗಂಡನಿದ್ದಾನೋ ಇಲ್ಲವೋ ಎಂದು ವೇದಶ್ರೀಯ ತಲೆ ತಿಂದಳು. ಮುದುಕಿ ಬಾಯಿ ಬಿಟ್ಟರೆ ಪರಿಹಾರ ಹೋಗುವುದಷ್ಟೇ ಅಲ್ಲ, ನಮ್ಮ ಮೇಲೆ ಪೊಲೀಸ್ ಕೇಸೂ ಆಗುತ್ತದೆಂದು ಜಿಲಾನಿ ಪಾಷಾ ತಲೆ ಹಿಡಿದುಕೊಂಡ. ಉಪಾಯ ಹೇಳಿದ್ದು ಅವನಲ್ಲ, ನಾನೂ ಅಲ್ಲ. ತಾಯಿಯ ಪಂಚಾಂಗ ಬಲ್ಲವನು ಮಗನೇ.

"ವಿಡಿಯೋ ಕಾಲ್ ಏಕಾದಶಿ ದಿನ ಇಟ್ಕೊಳ್ಳೋಣ. ಅಮ್ಮ ಮಾತಾಡಂಗಿಲ್ಲ," ಎಂದ ಸುಮಧ್ವ, ನಮ್ಮಿಬ್ಬರ ಮುಖ ನೋಡದೆ.

ದಿನ ಗೊತ್ತುಮಾಡಿದ್ದು ಕಂಪನಿಯವರು, ನಮ್ಮ ಕೈಯಲ್ಲಿಲ್ಲ ಎಂದು ತಾಯಿಗೆ ಹೇಳಿದ. ಆಕೆ ಬಹಳ ಪೇಚಾಡಿದಳು. ಕೊನೆಗೆ, ನಾನು ಇದ್ದದ್ದು ಇದ್ದಂತೆ ಹೇಳುತ್ತೇನೆ, ನೀನು ಹೌದೆಂದು ತಲೆಯಾಡಿಸು ಸಾಕು ಎಂದು ಮಗ ಒಪ್ಪಿಸಿದ. ವಿಡಿಯೋ ಕಾಲ್ ಮುಗಿಸಿಕೊಂಡು ಹಾಗೇ ಮಾನ್ವಿ ಹತ್ತಿರದ ದಾಸರ ಕ್ಷೇತ್ರ ಚೀಕಲಪರ್ವಿಗೆ ಹೋಗಿ ಹೊಳೆಯಲ್ಲಿ ಮಿಂದು ದರ್ಶನ ಮಾಡಿಸುತ್ತೇನೆಂದು ಆಸೆಯನ್ನೂ ತೋರಿಸಿದ. ಏಕಾದಶಿಗೆ ಅಲ್ಲಿಗೆ ಹೋಗುವುದೆಂದರೆ ಆಕೆಗೆ ಜೀವ.

ಮಾನ್ವಿಯಲ್ಲಿ ಜಿಲಾನಿ ಪಾಷಾನ ಅಂಗಡಿಯ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟೆವು. ಕೆಳಗಿನ ಡಬ್ಬಿಗಳ ಘಾಟು ಅಲ್ಲಿಯವರೆಗೂ ಬರುತ್ತಿತ್ತು. ಸರಸ್ವತಿಬಾಯಿ ತನ್ನ ಚಾಪೆಯನ್ನು ತಾನೇ ಹಾಸಿಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡು ಪರದೆಯ ಮುಂದೆ ಕೂತಳು. ಬೆಳಗ್ಗಿನಿಂದ ನೀರಿಲ್ಲದೆ ಮುಖ ಬಾಡಿತ್ತು. ಅದೂ ನಮಗೆ ಅನುಕೂಲವೇ ಆಯಿತು.

ಆ ಕಡೆ ಮುಂಬೈಯ ಅಧಿಕಾರಿಣಿ ಕೈಮುಗಿದು ಹಿಂದಿಯಲ್ಲಿ ಕ್ಷಮೆ ಕೇಳಿದಳು. ಅಮ್ಮನವರು ಏನು ಹೇಳುತ್ತಾರೆ ಎಂದಳು. ಸುಮಧ್ವ ಹಿಂದಿಯಲ್ಲೇ ಉತ್ತರ ಕೊಟ್ಟ. ತಾಯಿ ಬೆಳಗಿನಿಂದ ನೀರು ಬೇಡಿದರೂ ಯಾರೂ ಕೊಡಲಿಲ್ಲ, ಆ ಕೆಲಸದವಳು ಕಂಡೂ ಕಾಣದಂತೆ ಹೋದಳು, ಅಂದು ಬಿದ್ದ ಮೇಲೆ ತಾಯಿಗೆ ಮಾತೇ ನಿಂತುಹೋಗಿದೆ ಎಂದು ಹೇಳಿದ.

ನಾವು ಮಾಡಿದ ತಪ್ಪು ಇದೊಂದೇ, ಆಕೆಗೆ ಹಿಂದಿ ತಿಳಿಯುತ್ತದೆಂಬುದನ್ನು ಮರೆತೆವು. ಮುದುಕಿ ನಿಜಾಮನ ಕಾಲದ ಮನೆಯಲ್ಲಿ ಹುಟ್ಟಿದವಳು, ಉರ್ದು ಹಿಂದಿ ಎಲ್ಲ ನಮಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಮಗನ ಕಡೆ ತಿರುಗಿದಳು. ಆ ನೋಟವನ್ನು ನಾನು ವರ್ಣಿಸುವುದಿಲ್ಲ, ನನ್ನ ತಾಯಿ ನನ್ನನ್ನು ಹಾಗೆ ನೋಡದಿರಲಿ. ಅಲ್ಲವೆಂದು ತಲೆಯಾಡಿಸಿದಳು. ಕೈಯಾಡಿಸಿದಳು. ಆ ಕಡೆಯವಳು ಅದನ್ನು ಸಂಕಟವೆಂದುಕೊಂಡು ಕಣ್ಣು ಒರೆಸಿಕೊಂಡಳು. ಆಗ ಸರಸ್ವತಿಬಾಯಿ ಜಪಮಾಲೆಯನ್ನು ಕಣ್ಣಿಗೊತ್ತಿ ಕೆಳಗಿಟ್ಟು, ಬಾಯಿ ತೆರೆದಳು.

ಸುಮಧ್ವನ ಬೆರಳು ಅಷ್ಟರೊಳಗೇ ಗುಂಡಿ ಒತ್ತಿತ್ತು. ಪರದೆಯ ಮೂಲೆಯಲ್ಲಿ ಮೈಕಿನ ಚಿತ್ರದ ಮೇಲೆ ಕೆಂಪು ಗೆರೆ ಬಿದ್ದುದನ್ನು ನಾನು ನೋಡಿದೆ. ಮುದುಕಿಗೆ ಅದೆಲ್ಲ ಎಲ್ಲಿ ತಿಳಿಯಬೇಕು. ಒಣಗಿದ ಗಂಟಲಲ್ಲಿ, ತನ್ನ ರಾಯಚೂರು ಹಿಂದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳು ನೀರು ತಂದಳು, ನಾನೇ ಕುಡಿಯಲಿಲ್ಲ, ನನ್ನ ಕಾಲ ಬಳಿ ಕೂತು ಗಾಳಿ ಬೀಸಿದಳು, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಸುಳ್ಳು ಹೇಳುತ್ತಿದ್ದಾನೆ, ಅವಳ ಅನ್ನ ಅವಳಿಗೆ ಕೊಡಿ ಎಂದು ಕೈಮುಗಿದಳು. ಆ ಕಡೆ ಕಂಡದ್ದು ಮಾತು ಬಾರದ ಮುದುಕಿಯೊಬ್ಬಳು ತುಟಿಯಾಡಿಸಲು ಒದ್ದಾಡುತ್ತಿರುವುದು. ಸಾಕು, ಅವರಿಗೆ ಇನ್ನು ತೊಂದರೆ ಕೊಡಬೇಡಿ ಎಂದು ಮುದುಕಿಗೆ ತಿಳಿಯದ ಇಂಗ್ಲಿಷಿನಲ್ಲಿ ಬಿಕ್ಕುತ್ತ ಹೇಳಿ ಅಧಿಕಾರಿಣಿ ಕಾಲ್ ಮುಗಿಸಿದಳು.

ಸರಸ್ವತಿಬಾಯಿ ಮಗನನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ಇವನ್ನ ಇನ್ನ ನಾ ನಂಬಂಗಿಲ್ಲ. ಯಮನೂರಪ್ಪ, ನೀ ಹೇಳು. ನಾ ಹೇಳಿದ್ದು ಆ ಕಡಿಯಾಕಿಗೆ ಕೇಳಿಸಿತೇನು?"

"ಕೇಳಿಸ್ತ್ರೀ ಅಮ್ಮಾರೇ. ಆಕಿನ್ನ ವಾಪಸ್ ತಗೋತೀವಿ ಅಂದ್ರು. ಅದಕ್ಕ ಕಣ್ಣಾಗ ನೀರು ಬಂತು," ಎಂದೆ.

ಆಕೆ ಉಸಿರು ಬಿಟ್ಟು ಗೋಡೆಗೆ ಒರಗಿದಳು. ಮುಖದಲ್ಲಿ ಒಂದು ಸಮಾಧಾನ ಬಂತು. ಚೀಕಲಪರ್ವಿಗೆ ಹೊರಡೋಣವೇ ಎಂದು ಸುಮಧ್ವ ಕೇಳಿದ್ದಕ್ಕೆ ಬೇಡವೆಂದಳು.

"ಮೌನ ಮುರದೀನಿ. ಯಾವ ಮುಖಾ ಇಟ್ಕೊಂಡು ಅಲ್ಲಿಗೆ ಹೋಗ್ಲಿ? ಹೋಗ್ಲಿ ಬಿಡು. ಒಂದು ಏಕಾದಶಿ ಹೋದ್ರ ಹೋಯ್ತು, ಆಕಿ ಅನ್ನ ಉಳೀತು."

ಸುಮಧ್ವ ಕಾರು ತಿರುಗಿಸಿ ಆಕೆಯನ್ನು ರಾಯಚೂರಿಗೆ ಮುಟ್ಟಿಸಿದ. ದಾರಿಯುದ್ದಕ್ಕೂ ಮಗನ ಜೊತೆ ಮಾತಿಲ್ಲವಂತೆ, ಅದು ವ್ರತದ ಮೌನವಲ್ಲ. ಪರಿಹಾರ ಬಂತು. ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಬಂತು. ಜಿಲಾನಿ ಪಾಷಾ ಅಂಗಡಿಗೆ ದೀಪದ ಬೋರ್ಡು ಹಾಕಿಸಿದ. ಸುಮಧ್ವ ತಾಯಿಯ ಕೋಣೆಗೆ ಎ.ಸಿ. ಕೂರಿಸಿದ, ಆಕೆ ಅದನ್ನು ಹಚ್ಚಿಲ್ಲ. ಗೋವಾದ ಹೆಂಗಸಿನ ವಿಷಯ ಯಾರೂ ಎತ್ತಲಿಲ್ಲ, ಎತ್ತುವ ಕಾರಣವೂ ಇರಲಿಲ್ಲ.

ಸರಸ್ವತಿಬಾಯಿ ಮಾತ್ರ ನನಗೆ ಹೇಳಿಕಳಿಸಿದಳು. ಹೋದೆ. ಮಣೆಯ ಮೇಲೆ ಕೂರಿಸಿ ಮೊಸರವಲಕ್ಕಿ ಕೊಟ್ಟಳು. ಕಪಾಟಿನಿಂದ ಒಂದು ಇಳಕಲ್ ಸೀರೆ, ಒಂದು ಖಣ ತೆಗೆದು ಕುಂಕುಮ ಹಚ್ಚಿ ನನ್ನ ಕೈಗಿಟ್ಟಳು. ಕಂಪನಿಯವರ ಹತ್ತಿರ ವಿಳಾಸ ಕೇಳಿ ಆ ಹೆಂಗಸಿಗೆ ಮುಟ್ಟಿಸು, ಮಗನ ಕೈಗೆ ಕೊಡಲು ಮನಸ್ಸಿಲ್ಲ, ಅಂದು ಆ ಕೋಣೆಯಲ್ಲಿ ನಿಜ ಹೇಳಿದವನು ನೀನೊಬ್ಬನೇ ಎಂದಳು. ಆಗಲಿ ಎಂದು ತಂದೆ.

ಆಮೇಲೆ ಒಂದು ದಿನ ಆಕೆ ಫೋನು ಮಾಡಿಸಿ ಸೀರೆ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿದೆ, ಉಟ್ಟುಕೊಂಡೂ ಆಗಿದೆ, ಮೈಗೆ ಬಹಳ ಒಪ್ಪುತ್ತದೆ ಎಂದೆ. ಆಕೆ ಸಂತೋಷದಿಂದ ನಕ್ಕಳು. ಆ ಹೊತ್ತಿಗೆ ನನ್ನ ಹೆಂಡತಿ ವೀರಭದ್ರಮ್ಮ ಅದನ್ನೇ ಉಟ್ಟು ಗಬ್ಬೂರಿನ ಮದುವೆಗೆ ಹೊರಟು ನಿಂತಿದ್ದಳು. ಹಸಿರು ಬಣ್ಣ ಅವಳಿಗೆ ನಿಜವಾಗಿಯೂ ಒಪ್ಪುತ್ತದೆ.