ಗಂಜಿ ಹಾಕಿದ ಕಾಲರು

ಕಾಲರಿನ ಅಂಚು ಮಣಿಕಟ್ಟಿಗೆ ಚುಚ್ಚುತ್ತಿದೆ, ಗಂಜಿ ಹೆಚ್ಚಾಯಿತೇನೋ, ಬೆಳ್ತಿಗೆ ಅಕ್ಕಿಯ ಗಂಜಿಯಲ್ಲಿ ಅದ್ದಿ ಬಾಲ್ಕನಿಯಲ್ಲಿ ಒಣಗಿಸಿದ್ದು, ಕತಾರಿನ ಅಲ್ ವಕ್ರಾದ ಬಿಸಿಲಿಗೆ ಹಪ್ಪಳದ ಹಾಗೆ ಸೆಟೆದು ನಿಂತಿತ್ತು — ಈಗ ಕಾರಿನ ಹಿಂದಿನ ಸೀಟಿನಲ್ಲಿ, ಅಕ್ಷಯಾಳ ಮಡಿಲಲ್ಲಿ, ಎ.ಸಿ.ಯ ಗಾಳಿಗೆ ಆ ಅಗಲ ದುಂಡು ಕಾಲರಿನ ನೆರಿಗೆ ಅಲುಗುತ್ತದೆ, ಪಕ್ಕದಲ್ಲಿ ಅಕ್ಕನ ಮಗಳು ಯಶ್ಮಿತಾ, ಶಾಲೆಯ ನಾಟಕಕ್ಕೆಂದು ಕಾಡಿಗೆಯಲ್ಲಿ ಬರೆದ ಮೀಸೆ ಇನ್ನೂ ಹಾಗೇ ಇದೆ, ಒಂದು ಕಡೆ ಕಣ್ಣೀರಿಗೆ ಕಲಸಿ ಕೆನ್ನೆಗೆ ಹರಿದಿದೆ, ಆ ಕಡೆ ನೋಡಬಾರದು, ಹೊರಗೆ ನೋಡಬೇಕು, ಕ್ರೇನು, ಖರ್ಜೂರದ ಮರ, ಮತ್ತೆ ಕ್ರೇನು — ಮುಂದಿನ ಸೀಟಿನಿಂದ ಅಕ್ಕ, ಎಷ್ಟು ಸಲ ಹೇಳಿದ್ದೆ ನಾನು, ಟ್ಯಾಬ್ ಹಿಡ್ಕೊಂಡು ಕೂತ್ರೆ ಹೀಗೇ ಆಗುದು, ಆಫೀಸಿಗೆ ರಜೆ ಹಾಕಿ ಬಂದದ್ದು ಇದನ್ನು ನೋಡ್ಲಿಕ್ಕಾ, ಭಾವ ಯಜ್ಞೇಶ್ ಸ್ಟೀರಿಂಗ್ ತಟ್ಟಿ, ಬಿಡು ಮಾರಾಯ್ತಿ, ಖಲಾಸ್, ಆದದ್ದು ಆಯ್ತು — ಹುಡುಗಿ ವೇದಿಕೆಯಲ್ಲಿ ಮರೆತದ್ದು ಒಂದೇ ಮಾತು, ಅದು ಅಕ್ಷಯಾಳಿಗೆ ಗೊತ್ತಿತ್ತು, ಈಗಲೂ ನಾಲಿಗೆಯ ಮೇಲೆ ಕೂತಿದೆ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಇಂಗ್ಲಿಷ್ ಓದಲು ತಡವರಿಸುವವಳು, ಆದರೆ ಕೇಳಿ ಕೇಳಿ, ಯಶ್ಮಿತಾ ಆಡುವ ಸರ್ ಹೆನ್ರಿಯ ಬದುಕು ಪೂರ್ತಿ ಬಾಯಿಪಾಠ — ಟೀಚರು ಕಟ್ಟಿದ ಕಥೆ, ನಾನೂರು ವರ್ಷ ಹಿಂದಿನ ಇಂಗ್ಲೆಂಡಿನ ಆಸ್ಥಾನಿಕ, ಚೆಂದ ಕುಣಿಯುತ್ತಿದ್ದ ಬಡ ಹುಡುಗ, ಒಬ್ಬ ಪ್ರಭು ಕೈಹಿಡಿದು ಅರಮನೆಗೆ ಕರೆತಂದ, ರಾಜನಿಗೆ ನಿಲುವಂಗಿ ತೊಡಿಸುವ ಕೆಲಸ, ಆಮೇಲೆ ಬಿರುದು, ಕೆಂಪು ಹಿಮ್ಮಡಿಯ ಬೂಟು, ಪಾರ್ಲಿಮೆಂಟಿನಲ್ಲಿ ಜಾಗ, ಎಲ್ಲಿ ನಗಬೇಕು ಎಲ್ಲಿ ತಲೆಬಾಗಬೇಕು ಎಂದು ನೋಡಿ ನೋಡಿಯೇ ಕಲಿತವನು, ಮೀನು ಕೊಯ್ಯುತ್ತಾ ಅವಳಿಗೆ ಅನ್ನಿಸಿತ್ತು, ಇವನು ನನ್ನ ಹಾಗೇ, ಅಕ್ಕನ ಮನೆಯಲ್ಲಿ ನಾನೂ ಮುಖ ನೋಡಿಯೇ ಮಾತಾಡುವುದು — ಕೊನೆಗೆ ಆ ಪ್ರಭುವಿನ ಮೇಲೆ ದ್ರೋಹದ ಆರೋಪ, ಇವನ ಪರ ಮಾತಾಡುವವರು ಯಾರು ಎಂದು ಸಭೆ ಕೇಳುತ್ತದೆ, ಅಲ್ಲಿಗೆ ಯಶ್ಮಿತಾ ಮಾತು ಮರೆತು ನಿಂತುಬಿಟ್ಟಳು, ಬಿಳಿ ಕಾಲರಿನ ಮೇಲೆ ಪುಟ್ಟ ಮುಖ, ತಟ್ಟೆಯಲ್ಲಿಟ್ಟ ತಲೆಯ ಹಾಗೆ, ನಿಧಾನಕ್ಕೆ ಪರದೆಯ ಕಡೆ ತಿರುಗಿತು, ಪರದೆಯ ಹಿಂದೆ ಮಾತು ನೆನಪಿಸಲು ನಿಂತವಳು ಅಕ್ಷಯಾ, ಹುಡುಗಿಯ ಚಿಕ್ಕಿ, ಅವಳಿಗೆ ಬಾಯಿಪಾಠ ಉಂಟಲ್ಲ, ಅವಳೇ ನಿಲ್ಲಲಿ ಎಂದಿದ್ದು ಭಾವ — ಹೇಳಿಕೊಡಬೇಕಾದದ್ದು ಹೆನ್ರಿಯ ತಪ್ಪೊಪ್ಪಿಗೆ, ಐ ವಾಸ್ ದೇರ್, ಅಷ್ಟೇ, ಐ ವಾಸ್ ದೇರ್ ಆಂಡ್ ಐ ಡಿಡ್ ನಾಟ್ ಸ್ಟ್ಯಾಂಡ್ ಅಪ್, ನಾನು ಅಲ್ಲೇ ಇದ್ದೆ, ಏಳಲಿಲ್ಲ — ಪಕ್ಕದಲ್ಲಿ ಲೀನಾ, ಇನ್ನೊಂದು ಮಗುವಿನ ತಾಯಿ, ಸೆಂಟಿನ ಪರಿಮಳ, ಟೀಚರ ಜೊತೆ ಪಟಪಟ ಇಂಗ್ಲಿಷ್, ಮತ್ತೆ ಮೊನ್ನೆ ಅಡುಗೆಮನೆಯಲ್ಲಿ ಅಕ್ಕನ ನಗು, ಅಯ್ಯೋ, ನಿನ್ನ ಇಂಗ್ಲಿಷ್ ಕೇಳಿದ್ರೆ ಆ ರಾಜ ಅರಮನೆ ಬಿಟ್ಟು ಓಡ್ತಾನೆ ಮಾರಾಯ್ತಿ — ಅಕ್ಷಯಾ ಬಾಯಿ ತೆರೆದಿದ್ದಳು, ಹೌದು, ತೆರೆದಿದ್ದಳು, ಲೀನಾ ತಿರುಗಿ ನೋಡಿದಳು, ಇವಳು ಮುಚ್ಚಿದಳು, ತನ್ನ ಚಪ್ಪಲಿಯ ಪಟ್ಟಿ ನೋಡುತ್ತಾ ನಿಂತಳು, ಆ ಮುಖ ಕಾಯುತ್ತಲೇ ಇತ್ತು, ಯಾರೋ ಪಾಪ ಅಂತ ಚಪ್ಪಾಳೆ ತಟ್ಟುವವರೆಗೂ ಕಾಯುತ್ತಲೇ ಇತ್ತು.

ಈಗ ಹೇಳಬಹುದು, ಅಕ್ಕಾ ಅವಳದ್ದು ತಪ್ಪಲ್ಲ, ನಾನು ಹೇಳಿಕೊಡಲಿಲ್ಲ, ಇಷ್ಟೇ, ಇದಕ್ಕೆ ಇಂಗ್ಲಿಷ್ ಕೂಡ ಬೇಡ, ಸಿಗ್ನಲ್ ಬಿಡಲಿ, ಬಿಟ್ಟ ಕೂಡಲೇ — ಬಿಟ್ಟಿತು, ಅಕ್ಕ ಇನ್ನೂ ಬೈಯುತ್ತಿದ್ದಾಳೆ, ಇನ್ನು ಟ್ಯಾಬ್ ಮಾಫಿ, ಇಲ್ಲವೇ ಇಲ್ಲ, ಶುಕ್ರವಾರ ಪಾರ್ಕೂ ಮಾಫಿ, ಮುಂದಿನ ತಿರುವು ದಾಟಲಿ, ದಾಟಿತು — ತೋಳಿಗೆ ಏನೋ ಬಿಸಿ ತಾಗುತ್ತದೆ, ಯಶ್ಮಿತಾ ಒರಗಿದ್ದಾಳೆ, ಕಿವಿಯ ಹತ್ತಿರ ಉಸಿರು, ಚಿಕ್ಕಿ, ಯೂ ಆಲ್ಸೋ ಫರ್ಗಾಟ್ ಆ, ನಿಮ್ಗೂ ಮರ್ತು ಹೋಯ್ತಾ — ಹೂಂ, ಅಂದುಬಿಟ್ಟಳು, ಯಾರು ಅಂದದ್ದು, ತಾನೇ, ಹೂಂ — ಇಟ್ಸ್ ಓಕೆ ಚಿಕ್ಕಿ, ನಾನು ಮಮ್ಮಿಗೆ ಹೇಳುದಿಲ್ಲ, ಪ್ರಾಮಿಸ್, ಮತ್ತೆ ಪುಟ್ಟ ಅಂಗೈ ಅವಳ ಕೈಯನ್ನು ತಟ್ಟುತ್ತದೆ, ಸಮಾಧಾನ ಮಾಡುವ ಹಾಗೆ, ತಟ್ಟುತ್ತದೆ, ಕ್ರೇನು ಇಲ್ಲ, ಮರ ಇಲ್ಲ, ಗಾಜಿನ ಆಚೆ ಏನೂ ಇಲ್ಲ, ಬಿಳಿ ಕಾಲರಿನ ಮೇಲೆ ಮುಖ, ತಿರುಗುತ್ತದೆ, ಪರದೆಯ ಕಡೆ ತಿರುಗಿ ಅವಳನ್ನು ಹುಡುಕುತ್ತದೆ, ಆ ಮುಖ —