ಟೇಪಿನ ಆ ಕಡೆ ತುದಿ

ಬಸ್ಸಿನ ಮುಂದಿನ ಸೀಟಿನಲ್ಲಿ ಮಗಳ ಜಡೆ ತೂಗಾಡುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತ ತಾಯಿ ಅದನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಅವಳೇ ಹೆಣೆದ ಜಡೆ. ತುದಿಯ ರಿಬ್ಬನ್ನು ಸಡಿಲವಾಗಿದೆ, ಎದ್ದು ಹೋಗಿ ಬಿಗಿ ಮಾಡೋಣ ಎಂದು ಕೈ ತುರಿಸಿತು. ಆದರೆ ಮನೆಯ ಹೊಸ್ತಿಲು ದಾಟಿದ ಮೇಲೆ ಇಬ್ಬರೂ ಯಾರೋ ಏನೋ ಎಂದು ಮಾತಾಗಿತ್ತು. ಮಾತಿಗೆ ತಪ್ಪುವ ಹೆಂಗಸಲ್ಲ ಅವಳು. ಹೊಲಿಗೆ ಅಂಗಡಿ ಇಟ್ಟುಕೊಂಡೂ ಹೇಳಿದ ದಿನಕ್ಕೆ ಬಟ್ಟೆ ಕೊಡುವವಳು ಎಂದರೆ ಅಷ್ಟರಲ್ಲೇ ತಿಳಿಯಬೇಕು.

ಮಾತು ಆಗಿದ್ದು ವರ್ಷದ ಮೊದಲಲ್ಲಿ, ಇಬ್ಬರ ಹೆಸರೂ ಒಂದೇ ಕ್ಲಾಸಿಗೆ ಬಂದಾಗ. ತಾಯಿ ಹಿಂದೆ ಇದೇ ಕಲನಶಾಸ್ತ್ರದ ಕ್ಲಾಸಿನಲ್ಲಿ ಕುಳಿತವಳು. ಶ್ರೇಣಿಗಳ ಪಾಠ ಮುಗಿದು ಅವಕಲ ಸಮೀಕರಣ ಶುರುವಾಗುವ ಹೊತ್ತಿಗೆ ಮಗಳು ಹೊಟ್ಟೆಯಲ್ಲಿದ್ದಳು. ಆಮೇಲೆ ಮಗು, ಮಗುವಿನ ಹಿಂದೆ ಹೊಲಿಗೆ ಯಂತ್ರ. ಬಾಕಿ ಉಳಿದ ಪತ್ರಿಕೆಗಳನ್ನು ಮನೆಯಲ್ಲೇ ಓದಿ ಒಂದೊಂದಾಗಿ ಪಾಸು ಮಾಡಿಕೊಂಡಿದ್ದಳು. ಇದೊಂದಕ್ಕೆ ಮಾತ್ರ ಕ್ಲಾಸಿಗೆ ಬಂದು ಕೂರಲೇಬೇಕಿತ್ತು. ಹಳಬರಿಗೆ ವಿಶ್ವವಿದ್ಯಾಲಯ ಕೊಟ್ಟ ಕೊನೆಯ ಅವಕಾಶವೂ ಇದೇ ವರ್ಷ. ಇದು ತಪ್ಪಿದರೆ ಡಿಗ್ರಿಯ ಆಸೆ ಬಿಟ್ಟ ಹಾಗೆಯೇ.

"ತಾಯಿ ಮಗಳು ಇಬ್ಬರೂ ಒಟ್ಟಿಗೆ ಫೇಲಾದ್ರೆ ನಾನು ಮೊದಲು ಯಾರಿಗೆ ಬೈಲಿ?" ಎಂದು ಗಂಡ ನಕ್ಕಿದ್ದ. ಮಗಳು ನಗಲಿಲ್ಲ.

"ಓದೋದಾದ್ರೆ ಓದಮ್ಮ, ಬೇಡ ಅನ್ನಲ್ಲ. ಆದ್ರೆ ಕ್ಲಾಸಲ್ಲಿ ನಾನ್ಯಾರೋ ನೀನ್ಯಾರೋ. ಎಲ್ಲರೂ ನನ್ನನ್ನ ಆಡ್ಕೊಳ್ಳೋ ಹಾಗೆ ಮಾಡ್ಬೇಡ," ಎಂದಿದ್ದಳು.

ತಾಯಿ ಒಪ್ಪಿದಳು. ತನ್ನ ವಯಸ್ಸಿನಲ್ಲಿ ತಾನೂ ಹಾಗೇ ಹೇಳುತ್ತಿದ್ದೆ ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ, ಅದು ಬೇರೆ ಮಾತು.

ಹಿಂದಿನ ಬೆಂಚಿನ ಕಿಟಕಿ ಪಕ್ಕ ಅವಳ ಜಾಗ. ಅಲ್ಲಿ ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಂದು ಮಲಗುತ್ತಿತ್ತು. ತಲೆಯ ಮೇಲೆ ಹಳೆಯ ಫ್ಯಾನು ಹೊಲಿಗೆ ಯಂತ್ರದ ಹಾಗೆಯೇ ಕಟಕಟ ಎನ್ನುತ್ತಿತ್ತು. ಆ ಸದ್ದಿನಲ್ಲಿ ಶ್ರೇಣಿಯ ಪದಗಳು ಒಂದರ ಹಿಂದೆ ಒಂದು ಸೂಜಿಯ ಅಡಿ ಹಾದು ಹೋಗುವುದನ್ನು ನೋಡುತ್ತ ಅವಳು ಎಷ್ಟೋ ಹೊತ್ತು ಮೈಮರೆಯುತ್ತಿದ್ದಳು. ಹನಿ ಹನಿ ಕೂಡಿದರೆ ಹಳ್ಳ ಎಂದು ಅವಳು ನಂಬಿದ್ದಳು. ಕೆಲವು ಹನಿಗಳು ಎಂದೆಂದಿಗೂ ಕೂಡುತ್ತಲೇ ಇದ್ದರೂ ಒಂದು ಲೋಟ ತುಂಬಲಾರವು ಎಂದು ಮೇಷ್ಟ್ರು ತೋರಿಸಿಕೊಟ್ಟರು. ಇನ್ನು ಕೆಲವು, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತ ಹೋದರೂ, ಕೂಡಿ ಕೂಡಿ ಯಾವ ಎಲ್ಲೆಯನ್ನೂ ದಾಟಿಬಿಡುತ್ತವೆ. ತನ್ನ ದಿನಗಳು ಇವೆರಡರಲ್ಲಿ ಯಾವ ಜಾತಿಯವು ಎಂದು ಅವಳು ಬಿಸಿಲಿನಲ್ಲಿ ತೇಲುವ ಸೀಮೆಸುಣ್ಣದ ಧೂಳು ನೋಡುತ್ತ ಯೋಚಿಸುತ್ತಿದ್ದಳು. ಉತ್ತರ ಹೊಳೆಯುವ ಮೊದಲೇ ಗಂಟೆ ಹೊಡೆಯುತ್ತಿತ್ತು.

ಮೇಷ್ಟ್ರಿಗೆ ಹುಡುಗರು 'ಮುಂದೇನು' ಎಂದು ಹೆಸರಿಟ್ಟಿದ್ದರು. ಹಲಗೆಯ ಮೇಲೆ ಒಂದು ಸಾಲು ಬರೆದು, ಕ್ಲಾಸಿನ ಕಡೆ ತಿರುಗಿ, "ಮುಂದೇನು?" ಎನ್ನುವುದು ಅವರ ಅಭ್ಯಾಸ. ಮನೆಯಲ್ಲಿ ತಟ್ಟೆಯ ಮುಂದೆ ಕೂತಾಗಲೂ ಹೆಂಡತಿಯನ್ನು ಹಾಗೇ ಕೇಳುತ್ತಾರಂತೆ. ಅವರದೊಂದು ಕಟ್ಟಳೆ ಇತ್ತು. ವರ್ಷದಲ್ಲಿ ಒಂದು ಸಲವಾದರೂ ಹಲಗೆಯ ಮುಂದೆ ನಿಂತು ಒಂದು ಲೆಕ್ಕವನ್ನು ಪೂರ್ತಿ ಬಿಡಿಸದವರನ್ನು ಅವರು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಬಿಡಿಸುವವರು ಎಲ್ಲಾದರೂ ಸಿಕ್ಕಿಕೊಂಡರೆ ಯಾರು ಬೇಕಾದರೂ ನೆರವಾಗಬಹುದು, ಆದರೆ ಕೂತಲ್ಲಿಂದ ಕೂಗುವ ಹಾಗಿಲ್ಲ. ಎದ್ದು ಬಂದು ಪಕ್ಕದಲ್ಲಿ ನಿಂತು ತೋರಿಸಬೇಕು. ಎಲ್ಲರ ಸರದಿಯೂ ಮುಗಿದಿತ್ತು. ಮಗಳ ಮರ್ಯಾದೆಗೆಂದು ತಲೆ ತಗ್ಗಿಸಿ ಕೂತು ಕೂತು ತಾಯಿಯೊಬ್ಬಳು ಉಳಿದಿದ್ದಳು. ಇವತ್ತು ಕೊನೆಯ ಕ್ಲಾಸು.

ಬೆಳಿಗ್ಗೆ ಗಿರಾಕಿಯೊಬ್ಬಳು ಅಳತೆ ಕೊಡುತ್ತ ಕೊಡುತ್ತ ಸಂಸಾರದ ಕಥೆಯನ್ನೆಲ್ಲ ಹೇಳಿ ಹೊತ್ತು ಮಾಡಿದ್ದಳು. ಬಸ್ಸು ತಪ್ಪೀತೆಂದು ತಾಯಿ ಗೂಟದಲ್ಲಿದ್ದ ಸ್ವೆಟರನ್ನು ಮೇಲೆಳೆದುಕೊಂಡು ಓಡಿಬಂದಿದ್ದಳು. ಕ್ಲಾಸಿನ ಬಾಗಿಲಿಗೆ ಬಂದಾಗ ಮಗಳ ಗೆಳತಿ, ಯಾವಾಗಲೂ ಕಡಲೆಕಾಯಿ ತಿನ್ನುವ ಹುಡುಗಿ, ಮಗಳ ಅಂಗಿಯ ಕಾಲರು ಮುಟ್ಟಿ ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಕೂತಿದೆ, ಯಾರ ಹತ್ತಿರ ಹೊಲಿಸಿದೆ ಎಂದು ಕೇಳಿದಳು.

"ಗೊತ್ತಿರೋರು ಒಬ್ರು ಹೊಲ್ಕೊಡ್ತಾರೆ," ಎಂದಳು ಮಗಳು.

ತಾಯಿ ಅವರನ್ನು ದಾಟಿಕೊಂಡು ತನ್ನ ಜಾಗಕ್ಕೆ ಹೋಗಿ ಕುಳಿತಳು. ನೋವಾಯಿತು. ಆ ಕಾಲರಿಗೆ ಮೂರು ಸಲ ಬಿಚ್ಚಿ ಹೊಲಿಗೆ ಹಾಕಿದ್ದಳು. ಗೊತ್ತಿರುವವರು ಒಬ್ಬರು. ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

"ಹಿಂದಿನ ಬೆಂಚಿನ ತಾಯಿ, ಇನ್ನು ತಪ್ಪಿಸ್ಕೊಳ್ಳೋಕೆ ಆಗಲ್ಲ, ಬನ್ನಿ," ಎಂದರು ಮೇಷ್ಟ್ರು.

ಹಲಗೆಯ ಮೇಲೆ ಲೆಕ್ಕ ಚಿಕ್ಕದಾಗಿತ್ತು. ವೈ ಬದಲಾಗುವ ವೇಗ ವೈಯ ವರ್ಗಕ್ಕೆ ಸಮ; ಹಾಗಾದರೆ ವೈ ಏನೇನಾಗಿರಬಹುದು, ಎಲ್ಲ ಉತ್ತರವನ್ನೂ ಹೇಳಿ. ಸೀಮೆಸುಣ್ಣ ಕೈಗೆ ಬಂದದ್ದೇ ತಾಯಿಗೆ ಕ್ಲಾಸು ಮರೆತುಹೋಯಿತು. ಅಂಗಡಿಯ ಮೇಜಿನ ಮೇಲೆ ಬಟ್ಟೆ ಹರಡಿದಂತೆಯೇ ಕಪ್ಪು ಹಲಗೆ ಅವಳ ಮುಂದೆ ಹರಡಿಕೊಂಡಿತ್ತು. ಕತ್ತರಿಸುವ ಮೊದಲು ತೋಳು ಸಡಿಲ ಮಾಡಿಕೊಳ್ಳುವುದು ಅವಳ ಅಭ್ಯಾಸ. ಏನೂ ಯೋಚಿಸದೆ ಸ್ವೆಟರನ್ನು ತಲೆಯ ಮೇಲಿಂದ ಎಳೆದು ಮೇಷ್ಟ್ರ ಕುರ್ಚಿಗೆ ಹಾಕಿದಳು.

ಹಿಂದೆ ಯಾರೋ ಕಿಸಕ್ಕೆಂದರು. ಕುತ್ತಿಗೆಗೆ ಕೈ ಹೋಯಿತು. ಹಳದಿ ಅಳತೆಯ ಟೇಪು ಅಲ್ಲೇ ಇತ್ತು, ಎರಡೂ ಕಡೆ ಇಳಿಬಿದ್ದುಕೊಂಡು. ಸ್ನಾನದ ಮನೆಗೂ ಅದರೊಂದಿಗೇ ಹೋಗುವ ಹೆಂಗಸು. ಅವಸರದಲ್ಲಿ ಅದರ ಮೇಲೇ ಸ್ವೆಟರು ತೊಟ್ಟು ಬಂದಿದ್ದಳು. ಕಡಲೆಕಾಯಿಯ ಹುಡುಗಿ ಒಮ್ಮೆ ಟೇಪು ನೋಡಿದಳು, ಒಮ್ಮೆ ಪಕ್ಕದವಳ ಕಾಲರು ನೋಡಿದಳು. ಮಗಳು ಪುಸ್ತಕದೊಳಗೆ ಮುಖ ಹುದುಗಿಸಿದ್ದಳು.

ಈಗ ತೆಗೆದರೆ ಇನ್ನೂ ನಗುತ್ತಾರೆ. ತಾಯಿ ಹಲಗೆಗೆ ತಿರುಗಿ ಬರೆಯತೊಡಗಿದಳು. ಎರಡೂ ಕಡೆಯನ್ನು ವೈಯ ವರ್ಗದಿಂದ ಭಾಗಿಸಿದಳು, ವೈಗಳನ್ನೆಲ್ಲ ಒಂದು ಕಡೆ ತಂದಳು, ಎಕ್ಸನ್ನು ಇನ್ನೊಂದು ಕಡೆ ಕಳಿಸಿದಳು, ಅನುಕಲಿಸಿದಳು. ಅರ್ಧ ಕ್ಲಾಸು ಮರೆಯುವ ಸ್ಥಿರಾಂಕವನ್ನು ಅವಳು ಮರೆಯಲಿಲ್ಲ. ಮುಂದೆ ಮೈ ಬಂದರೆ ಬಿಚ್ಚಲಿಕ್ಕೆ ಬೇಕೆಂದು ಒಳಗೆ ಮಾರ್ಜಿನ್ ಬಿಟ್ಟೇ ಹೊಲಿಯುವವಳಿಗೆ ಅದು ತಾನಾಗಿ ಬಂತು. ಆಮೇಲೆ ಉತ್ತರಗಳ ಚಿತ್ರ ಬರೆದಳು. ಸ್ಥಿರಾಂಕ ಒಂದೊಂದು ಬದಲಾದ ಹಾಗೆ ಒಂದೊಂದು ಗೆರೆ, ತೋಳು ಕೂಡಿಸುವ ಕಡೆಯ ತಿರುವಿನಂತೆ ಮೆತ್ತಗೆ ಬಳುಕಿ ಮೇಲೇರುವ ಗೆರೆಗಳು. ಎಷ್ಟು ಹೊತ್ತು ಬರೆದಳೋ, ಹಲಗೆಯೇ ತುಂಬಿಹೋಯಿತು. ಅವಳಿಗೆ ಖುಷಿಯಾಯಿತು. ಇಷ್ಟು ವರ್ಷ ಇವೆಲ್ಲ ಎಲ್ಲಿದ್ದವು ಎಂದುಕೊಂಡಳು.

"ಚೆನ್ನಾಗಿದೆ," ಎಂದರು ಮೇಷ್ಟ್ರು. "ಆದ್ರೆ ಒಂದು ಉತ್ತರ ಕೈತಪ್ಪಿ ಹೋಗಿದೆ. ಮುಂದೇನು?"

ಅವಳು ಮೇಲಿನ ಸಾಲಿನಿಂದ ಮತ್ತೆ ಓದಿಕೊಂಡು ಬಂದಳು. ಎಲ್ಲವೂ ಸರಿಯಾಗಿ ಕಂಡಿತು. ಮತ್ತೊಮ್ಮೆ ಓದಿದಳು. ಸಾಲುಗಳು ಮಂಜಾಗತೊಡಗಿದವು. ಮೇಷ್ಟ್ರು ಕಾದರು. ಇದನ್ನು ಬಿಡಿಸದಿದ್ದರೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದಿದ್ದರೆ ಇನ್ನು ಯಾವುದೂ ಇಲ್ಲ. ಯಾರಾದರೂ ಬರುತ್ತೀರಾ ಎಂದು ಅವರು ಕ್ಲಾಸನ್ನು ಕೇಳಿದರು. ಯಾರೂ ಏಳಲಿಲ್ಲ. ತಾಯಿ ಹಿಂತಿರುಗಿ ನೋಡಲಿಲ್ಲ, ನೋಡಿದರೆ ಕಣ್ಣು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಮಾತು ಮಾತೇ.

ಬೆಂಚು ಕಿರುಗುಟ್ಟಿತು. ಚಪ್ಪಲಿಯ ಸದ್ದು ಹತ್ತಿರ ಬಂತು. ಯಾರ ನಡಿಗೆ ಎಂದು ತಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕಾಲು ಮೊದಲ ಹೆಜ್ಜೆ ಇಟ್ಟಿದ್ದೇ ಹೊಲಿಗೆ ಯಂತ್ರದ ಸ್ಟ್ಯಾಂಡು ಹಿಡಿದುಕೊಂಡು. ಮಗಳು ಪಕ್ಕದಲ್ಲಿ ನಿಂತಳು. ಕಿವಿ ಕೆಂಪಾಗಿತ್ತು. ಎರಡನೆಯ ಸಾಲಿನ ಕೆಳಗೆ ಬೆರಳಿಟ್ಟಳು.

"ಇಲ್ಲಿ ಭಾಗಿಸಿದ್ದು. ಭಾಗಿಸ್ಬೇಕಾದ್ರೆ ವೈ ಸೊನ್ನೆ ಅಲ್ಲ ಅಂತ ಅಂದ್ಕೊಂಡ್ಬಿಟ್ಟ ಹಾಗಾಯ್ತು. ಆದ್ರೆ ಅದು ಸೊನ್ನೆ ಆಗಿ, ಎಲ್ಲೂ ಏಳದೆ ಹಾಗೇ ಇದ್ದುಬಿಟ್ರೂ..." ಅವಳು ತಾಯಿಯ ಕಡೆ ತಿರುಗಿದಳು. "ಅದೂ ಉತ್ತರಾನೇ."

"ಏನೂ ಆಗದೆ ಇದ್ದಲ್ಲೇ ಇರೋದೂನಾ?" ಎಂದಳು ತಾಯಿ ಮೆಲ್ಲಗೆ.

"ಹಾಕಿ ನೋಡಿ," ಎಂದರು ಮೇಷ್ಟ್ರು.

ತಾಯಿ ಮನಸ್ಸಿನಲ್ಲೇ ಹಾಕಿ ನೋಡಿದಳು. ಬದಲಾಗುವ ವೇಗ ಸೊನ್ನೆ. ಸೊನ್ನೆಯ ವರ್ಗವೂ ಸೊನ್ನೆ. ಎರಡೂ ಕಡೆ ಕೂಡಿಬಂತು. ಅವಳು ಎಳೆದಿದ್ದ ಅಷ್ಟೂ ಗೆರೆಗಳ ನಡುವೆ ವೈ ಸೊನ್ನೆಯಾಗುವ ಜಾಗ ಉದ್ದಕ್ಕೂ ಖಾಲಿಯಿತ್ತು. ಗೆರೆಗಳೆಲ್ಲ ಒಂದು ಕೊನೆಯಲ್ಲಿ ಅದರ ಹತ್ತಿರ ಹತ್ತಿರ ಬಾಗುತ್ತಿದ್ದವು, ಒಂದೂ ಅದನ್ನು ಮುಟ್ಟಿರಲಿಲ್ಲ.

ಅಲ್ಲಿ ಅಡ್ಡಲಾಗಿ ನೆಟ್ಟಗೆ ಒಂದು ಗೆರೆ ಎಳೆಯಬೇಕಿತ್ತು. ಮೇಷ್ಟ್ರ ಮರದ ಅಡಿಕೋಲು ಗಿಡ್ಡ, ಹಲಗೆ ಉದ್ದ. ಅಂಗಡಿಯಲ್ಲಿ ಪರದೆಯ ಬಟ್ಟೆಗೆ ಗುರುತು ಹಾಕುವಾಗಲೂ ಹೀಗೇ ಆಗುತ್ತಿತ್ತು. ಆಗೆಲ್ಲ ತಾಯಿ ಒಳಗೆ ಆಡುತ್ತಿದ್ದ ಮಗಳನ್ನು ಕರೆದು, ಪುಟ್ಟಿ, ಆ ಕಡೆ ತುದಿ ಹಿಡ್ಕೊ ಎನ್ನುತ್ತಿದ್ದಳು. ಪುಟ್ಟಿ ಎರಡೂ ಕೈಯಲ್ಲಿ, ಉಸಿರು ಬಿಗಿಹಿಡಿದು, ಹಿಡಿದುಕೊಳ್ಳುತ್ತಿದ್ದಳು.

ಮಗಳು ಒಮ್ಮೆ ಸುತ್ತ ನೋಡಿದಳು. ಆಮೇಲೆ ತಾಯಿಯ ಕುತ್ತಿಗೆಯಿಂದ ಟೇಪನ್ನು ಎಳೆದುಕೊಂಡು, ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದು ಹಲಗೆಯ ಆಚೆ ಬದಿಗೆ ನಡೆದಳು.

"ಅಮ್ಮ, ಬಿಗಿಯಾಗಿ ಹಿಡ್ಕೊ," ಎಂದಳು.

ಕ್ಲಾಸಿನಲ್ಲಿ ಕಡಲೆಕಾಯಿ ಸಿಪ್ಪೆಯ ಸದ್ದು ನಿಂತಿತು. ಫ್ಯಾನು ತನ್ನ ಪಾಡಿಗೆ ಕಟಕಟ ಎನ್ನುತ್ತಿತ್ತು. ಮೇಷ್ಟ್ರು ಮುಂದೇನು ಎಂದು ಕೇಳಲು ಬಾಯಿ ತೆರೆದವರು ಕೇಳಲಿಲ್ಲ. ತಾಯಿ ಎರಡೂ ಕೈಯಲ್ಲಿ ಟೇಪಿನ ತುದಿಯನ್ನು ಹಲಗೆಗೆ ಒತ್ತಿ ನಿಂತಿದ್ದಳು, ಉಸಿರು ಬಿಗಿಹಿಡಿದು. ಹಳದಿ ಅಂಚನ್ನೇ ಹಿಡಿದು ಮಗಳ ಸೀಮೆಸುಣ್ಣ ನಿಧಾನವಾಗಿ ಅವಳ ಹೆಬ್ಬೆರಳಿನ ಕಡೆಗೆ ಬರುತ್ತಿತ್ತು.