ಅಪ್ಪನ ಬೆರಳಿಗೆ ತಿಳಿಯದ ಬಟ್ಟೆ

ಕಣ್ಣು ಮುಚ್ಚಿ, ಎರಡು ಬೆರಳಲ್ಲಿ ಉಜ್ಜಿ, ಬಟ್ಟೆ ಹತ್ತಿಯೋ ಉಣ್ಣೆಯೋ ಬೆರಕೆಯೋ ಹೇಳಿಬಿಡುತ್ತಿದ್ದ ನಮ್ಮಪ್ಪ. ನಮ್ಮ ಟೈಲರ್ ಅಂಗಡಿಯಲ್ಲಿ ಗಿರಾಕಿಗಳಿಗೆ ಅದೊಂದು ಆಟ. ಅಪ್ಪ ಒಮ್ಮೆಯೂ ಸೋತಿರಲಿಲ್ಲ.

ಹೊಟ್ಟೆ ಮಾತ್ರ ಹತ್ತು ವರ್ಷದಿಂದ ಕೆಟ್ಟಿತ್ತು. ತಿಂದದ್ದೆಲ್ಲ ನೀರಾಗಿ ಹೋಗುತ್ತಿತ್ತು. ಬೀದಿ ಮೂಲೆಯ ಡಾಕ್ಟರ್ ಅಪ್ಪನ ಮುಖ ಕೂಡ ನೋಡದೆ ಅದೇ ಬಿಳಿ ಮಾತ್ರೆ ಬರೆದು ಅಟ್ಟುತ್ತಿದ್ದ. ನಾನೇನು ಕಮ್ಮಿ? "ಅಪ್ಪಾ, ಮಿಷನ್ನು ಕಕ್ಕಸಿಗೇ ಸಾಗಿಸಿಬಿಡೋಣ, ನಿಂಗೆ ಓಡಾಟ ತಪ್ಪುತ್ತೆ" ಎನ್ನುತ್ತಿದ್ದೆ. ಅಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಆಮೇಲೆ ಹೊಲಿಗೆ ಸೊಟ್ಟಗಾಯಿತು. ಕತ್ತರಿ ಕೈಜಾರಿತು. ನಡೆದರೆ ತೂರಾಡಿದ. ಕುಡಿಯಲು ಕಲಿತಿದ್ದಾನೆ ಎಂದುಕೊಂಡೆ. ಒಂದು ದಿನ ಗಿರಾಕಿಯ ಬಿಳಿ ಅಂಗಿಯ ಕಾಲರಿನ ತುಂಬ ರಕ್ತದ ಚುಕ್ಕಿ. ಸೂಜಿ ಚುಚ್ಚಿದ್ದು ಅಪ್ಪನಿಗೇ ಗೊತ್ತಿಲ್ಲ! ಎಲ್ಲರೆದುರೇ ಅವನ ದವಡೆ ಹಿಡಿದೆ.

"ಬಾಯಿ ತೆಗಿ. ಊದು."

ಊದಿದ. "ವಾಸನೆ ಬಂತೇನೋ?" ಎಂದ, ಮೆಲ್ಲಗೆ.

ಬರಲಿಲ್ಲ. ಕಂಡದ್ದು ನಾಲಿಗೆ: ಕೆಂಪಗೆ, ಇಸ್ತ್ರಿ ಮಾಡಿದಂತೆ ನುಣ್ಣಗೆ. ನೋಡಿಯೂ ದವಡೆ ಬಿಟ್ಟು, ಅಂಗಿಯ ಕಲೆ ತೊಳೆಯಲು ಹೋದೆ.

ನಾಲ್ಕು ತಿಂಗಳ ಮೇಲೆ ಮೆಟ್ಟಿಲಿಂದ ಬಿದ್ದ. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಮೊದಲು ನೋಡಿದ್ದೇ ಆ ನಾಲಿಗೆಯನ್ನು.

"ಕರುಳು ವಿಟಮಿನ್ ಹೀರ್ಕೊಳ್ತಾ ಇಲ್ಲ. ಬಿ ಹನ್ನೆರಡು ಸಿಗದೆ ನರಗಳು ಸೊರಗಿವೆ. ಇಂಜೆಕ್ಷನ್‌ನಿಂದ ನಡಿಗೆ ಸುಧಾರಿಸಬಹುದು. ಬೆರಳು... ತಡ ಆಯ್ತು ಕಣಪ್ಪ. ಈ ನಾಲಿಗೆ ಮನೇಲಿ ಯಾರ ಕಣ್ಣಿಗೂ ಬೀಳಲಿಲ್ವಾ?"

ಮೂಲೆಯ ಡಾಕ್ಟರನ ಮೇಜು ಮಗುಚಿ ಹಾಕಬೇಕು ಅನ್ನಿಸಿತು. ಹೋಗಲಿಲ್ಲ. ಅವನಾದರೂ ನೋಡಿರಲಿಲ್ಲ, ನಾನು ನೋಡಿದ್ದೆ.

ಆರು ತಿಂಗಳ ಇಂಜೆಕ್ಷನ್ ಆದ ಮೇಲೆ ಅಪ್ಪ ಅಂಗಡಿಗೆ ನಡೆದೇ ಬಂದ. ಹಳೇ ಗಿರಾಕಿಯೊಬ್ಬನಿಗೆ ಖುಷಿಯೋ ಖುಷಿ. "ಹೇಳಿ ನೋಡೋಣ ಮೇಷ್ಟ್ರೇ!" ಎಂದು ತುಂಡು ಬಟ್ಟೆ ಕೊಟ್ಟ. ಬೇಡ ಎನ್ನುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿಯಾಗಿತ್ತು.

ಉಜ್ಜಿದ. ಮತ್ತೆ ಉಜ್ಜಿದ. ತುಂಡು ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಅಪ್ಪನಿಗೆ ತಿಳಿಯಲಿಲ್ಲ. ಖಾಲಿ ಬೆರಳನ್ನೇ ಉಜ್ಜುತ್ತ, ಹುಬ್ಬು ಗಂಟಿಕ್ಕಿ, "ಹತ್ತಿ" ಎಂದ.

ಗಿರಾಕಿಯನ್ನು ದುರುಗುಟ್ಟಿ ನೋಡಿದೆ.

"ಸರಿಯಾಗಿ ಹೇಳಿದ್ರಿ" ಎಂದ ಆತ.

ಅಪ್ಪ ಕಣ್ಣು ಬಿಡುವ ಮೊದಲೇ ಬಗ್ಗಿ, ಬಟ್ಟೆ ಎತ್ತಿ, ಅವನ ಬೆರಳುಗಳ ನಡುವೆ ಸಿಕ್ಕಿಸಿದೆ.